ನೀರು ನಿಮ್ದು, ಕಾವು ನಮ್ದು

ಚಂದ್ರನ ದಕ್ಷಿಣ ಧ್ರುವದಲ್ಲಿ ಸೂರ್ಯ ನೆತ್ತಿಗೇರುವುದಿಲ್ಲ. ವಾಕಿಂಗಿಗೆ ಹೊರಟ ನಿವೃತ್ತ ಹೆಡ್‌ಮಾಸ್ತರರಂತೆ ದಿಗಂತದ ಅಂಚು ಹಿಡಿದು ಸುತ್ತು ಹಾಕುತ್ತಾನೆ, ಅಷ್ಟೆ. ಹೀಗಾಗಿ ಅಲ್ಲಿರುವ ಒಂದು ದೊಡ್ಡ ಕುಳಿಯ ಅಂಚಿನ ಮೇಲೆ ವರ್ಷವಿಡೀ ಹೆಚ್ಚುಕಡಿಮೆ ಬಿಸಿಲು. ಅದೇ ಕುಳಿಯ ತಳದಲ್ಲಿ ಕೋಟ್ಯಂತರ ವರ್ಷಗಳಿಂದ ಒಂದು ಕಿರಣವೂ ಬಿದ್ದಿಲ್ಲ. ಬಿಸಿಲಿದ್ದಲ್ಲಿ ಕರೆಂಟುಂಟು, ನೀರಿಲ್ಲ. ನೆರಳಿದ್ದಲ್ಲಿ ಬೆಟ್ಟದಷ್ಟು ಮಂಜುಗಡ್ಡೆಯುಂಟು, ಕರಗಿಸಲು ಕಾವಿಲ್ಲ. ಇಷ್ಟು ಗೊತ್ತಾದ ಮೇಲೆ ಬುದ್ಧಿವಂತರು ಏನು ಮಾಡುತ್ತಾರೆ? ಎರಡು ದೇಶ ಮಾಡುತ್ತಾರೆ.

ಮೇಲಿನದು ಬಿಸಿಲನಾಡು, ಕೆಳಗಿನದು ನೆರಳನಾಡು. ಸೌರಫಲಕ ಜೋಡಿಸಲು ಮೇಲೆ ಹೋದವರು ಮಂಡ್ಯದ ಕಡೆಯವರು. ಮಂಜುಗಡ್ಡೆ ಅಗೆಯಲು ಕೆಳಗೆ ಇಳಿದವರು ಗದಗದ ಕಡೆಯವರು. ಕರೆದೊಯ್ದ ಎರಡು ಕಂಪನಿಗಳೂ ದಿವಾಳಿಯಾಗಿ ಮನೆಗೆ ಹೋದವು. ಕೆಲಸಗಾರರು ಅಲ್ಲೇ ಉಳಿದು ಮನೆ ಮಾಡಿದರು. ಎರಡು ತಲೆಮಾರಿನಲ್ಲಿ ಎರಡೂ ಕಡೆ ಹನ್ನೊಂದು ಹನ್ನೊಂದು ಸಾವಿರ ಜನ, ಒಂದೊಂದು ಬಾವುಟ, ಇಪ್ಪತ್ತೊಂದು ಇಪ್ಪತ್ತೊಂದು ಸಚಿವರು. ಅಂದರೆ ನೀರು ಬೆಳಕಿಗೆ ಕೊರತೆಯಿದ್ದರೂ ಸಚಿವರಿಗೆ ಇರಲಿಲ್ಲ.

ಮೂರು ತಿಂಗಳಿಗೊಮ್ಮೆ ಗಡಿಬಾಗಿಲಿನಲ್ಲಿ ಕೆಳಗಿನವರು ನೀರಿನ ಟ್ಯಾಂಕು ಕೊಟ್ಟು ಮೇಲಿನವರಿಂದ ಬ್ಯಾಟರಿ ಪಡೆಯುತ್ತಿದ್ದರು. ಅಧಿಕಾರಿಗಳು ಮುನಿಸಿಕೊಂಡ ತಿಂಗಳಲ್ಲಿ ಮೇಲಿನವರು ಒದ್ದೆ ಬಟ್ಟೆಯಲ್ಲಿ ಮೈ ಒರೆಸಿಕೊಳ್ಳುವರು, ಕೆಳಗಿನವರು ಓಣಿಗೊಂದೇ ಹೀಟರಿನ ಸುತ್ತ ಮುದುಡಿ ಕೂರುವರು. ಅತ್ತಲ ಕೇಬಲ್ಲೂ ಇತ್ತಲ ಪೈಪೂ ಗಡಿಯವರೆಗೆ ಬಂದು, ಹತ್ತಡಿ ದೂರದಲ್ಲಿ ಒಂದರ ಮುಖ ಒಂದು ನೋಡುತ್ತಾ ಇಪ್ಪತ್ತು ವರ್ಷದಿಂದ ನಿಂತಿದ್ದವು. ಗಡಿಗೆ ದೊಡ್ಡ ಬೀಗವಿತ್ತು. ಬೀಗರು ಮಾತ್ರ ಕಡಿಮೆ.

ಕೊನೆಗೆ ಎರಡೂ ಸಂಸತ್ತುಗಳು ಒಂದು ತೀರ್ಮಾನಕ್ಕೆ ಬಂದವು. ಒಂದೇ ಸಂಸತ್ತು, ಒಂದೇ ಮಾರುಕಟ್ಟೆ, ಒಂದೇ ಪೈಪು, ಒಂದೇ ಕೇಬಲ್ಲು ಇರುವ ಒಕ್ಕೂಟ ಬೇಕೋ ಬೇಡವೋ ಎಂದು ಜನರನ್ನೇ ಕೇಳುವುದು. ಎರಡೂ ದೇಶಗಳಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹೂಂ ಅನ್ನಬೇಕು. ಒಂದು ಕಡೆ ಊಹೂಂ ಬಿದ್ದರೂ ಮುಂದಿನ ಇಪ್ಪತ್ತೈದು ವರ್ಷ ಆ ಮಾತೆತ್ತುವಂತಿಲ್ಲ. ಜನರ ಒಲವು ಗಳಿಸಲು ಒಂದು ಜಂಟಿ ಪ್ರಚಾರ ಮಂಡಳಿ ಗಡಿಬಾಗಿಲಿನ ಪಕ್ಕದಲ್ಲೇ ಕೋಣೆ ಹಿಡಿದು ಕೂತಿತು. ಅದರ ಮುಖ್ಯಸ್ಥರು ಡಾಕ್ಟರ್ ಪ್ರಭಂಜನ. ಹೆಸರು ಬಿರುಗಾಳಿ, ಮಾತು ಏರ್‌ಕಂಡೀಷನರು. ಯಾರ ಮೇಲೂ ದನಿಯೇರಿಸಿದವರಲ್ಲ. ಒಕ್ಕೂಟಕ್ಕಾಗಿ ಹದಿನೆಂಟು ವರ್ಷ ಎರಡೂ ಕಡೆಯ ಸಚಿವರ ಬಾಗಿಲು ತಟ್ಟಿದವರು. ಅಷ್ಟು ವರ್ಷ ತಟ್ಟಿಯೂ ಸೌಜನ್ಯ ಉಳಿಸಿಕೊಂಡ ಮನುಷ್ಯನನ್ನು ಮೆಚ್ಚಲೇಬೇಕು. ಮಂಡಳಿ ಶುರುವಾದಾಗಿನಿಂದ ಎರಡೂ ಕಡೆಯ ಜನರಿಗೆ ಮೇಷ್ಟರಂತೆ ನಕ್ಷೆ ತೋರಿಸಿ ಒಕ್ಕೂಟದ ಲಾಭ ವಿವರಿಸುತ್ತಿದ್ದರು.

ಅವರ ಕನಸಿನ ಯಂತ್ರವೇ ಜೋಡಿಕಿಟಕಿ. ನೆರಳನಾಡಿನ ಒಂದು ಮನೆಯ ಗೋಡೆಗೆ ಒಂದು, ಬಿಸಿಲನಾಡಿನ ಒಂದು ಮನೆಯ ಗೋಡೆಗೆ ಇನ್ನೊಂದು. ಹಗಲೆಲ್ಲ ತೆರೆದಿರುವ ಆಳೆತ್ತರದ ಗಾಜು. ಈ ಅಡುಗೆಮನೆಗೆ ಆ ಅಡುಗೆಮನೆಯೇ ಪಕ್ಕದ ಮನೆ. ಅದುವರೆಗೆ ಎರಡು ದೇಶಗಳ ಜನರ ನಡುವೆ ಅಕ್ಷರದ ಸಂದೇಶ ಬಿಟ್ಟರೆ ಬೇರೇನೂ ಇರಲಿಲ್ಲ. ಇನ್ನು ಮುಖ ಕಾಣುತ್ತದೆ, ಮಾತು ಕೇಳುತ್ತದೆ, ಮನಸ್ಸು ಕೂಡುತ್ತದೆ.

ಆದರೆ ಡಾಕ್ಟರರಿಗೆ ಒಂದು ಭಯ. ಗದಗದ ನಾಲಗೆಯ ಪ್ರೀತಿ ಮಂಡ್ಯದ ಕಿವಿಗೆ ಜಗಳದಂತೆ ಕೇಳುತ್ತದೆ. ಮಂಡ್ಯದ ಸಲಿಗೆ ಗದಗದ ಕಿವಿಗೆ ಅಗೌರವದಂತೆ ಕೇಳುತ್ತದೆ. ಅದಕ್ಕಾಗಿ ಕಿಟಕಿಯ ಹೊಟ್ಟೆಯೊಳಗೆ ‘ನಯಗಾರ’ ಎಂಬ ಕಂಪ್ಯೂಟರ್ ಬುದ್ಧಿಯನ್ನು ಕೂರಿಸಿದರು. ಆಡಿದ ಮಾತನ್ನು ಅದು ಕಾಲು ಸೆಕೆಂಡು ಹಿಡಿದಿಟ್ಟುಕೊಂಡು, ಒರಟೆಲ್ಲ ಸೋಸಿ, ಆಡಿದವರದೇ ದನಿಯಲ್ಲಿ, ತುಟಿಯ ಚಲನೆಯನ್ನೂ ತಿದ್ದಿ, ಆಚೆಗೆ ಕಳಿಸುತ್ತಿತ್ತು. ಹೀಗೊಂದು ಸೋಸುವಿಕೆ ಉಂಟೆಂದು ಒಪ್ಪಂದ ಪತ್ರದ ನಲವತ್ತೊಂದನೆಯ ಪುಟದಲ್ಲಿ ಬರೆದಿತ್ತು. ಓದಿದವರು ಇಬ್ಬರು, ಬರೆದವನು ಮತ್ತು ಟೈಪು ಮಾಡಿದವನು.

ನೆರಳನಾಡಿನ ಐದನೇ ಓಣಿಯ ಫಕೀರವ್ವನ ಮನೆಗೆ ಕಿಟಕಿ ಬಂದ ದಿನ ಓಣಿಯೆಲ್ಲ ಬಂದಿತ್ತು. ಮಂಜುಗಡ್ಡೆಯ ಗಣಿಯಲ್ಲಿ ಮೂವತ್ತು ವರ್ಷ ಸುತ್ತಿಗೆ ಹಿಡಿದ ಹೆಂಗಸು. ಗಂಡ ಸತ್ತ ಮೇಲೆ ಒಬ್ಬಳೇ ಮಗಳನ್ನು ಬೆಳೆಸಿದವಳು. ಆ ಮಗಳು ಹೊನ್ನಿ ಗಡಿಬಾಗಿಲಿನಲ್ಲಿ ನೀರಿನ ಟ್ಯಾಂಕಿನ ಫಿಟ್ಟರ್ ಆಗಿದ್ದಾಗ, ಆ ಕಡೆಯ ಬ್ಯಾಟರಿ ಹೊರುವ ಮಾದೇಶನನ್ನು ಮೆಚ್ಚಿ ಮದುವೆಯಾಗಿದ್ದಳು. ಮದುವೆ ನಡೆದದ್ದು ಗಡಿಕಚೇರಿಯಲ್ಲಿ, ನಾಲ್ಕು ಅಧಿಕಾರಿಗಳೆದುರು, ಇಪ್ಪತ್ತು ನಿಮಿಷದಲ್ಲಿ. ಸೋಬಾನೆ ಇಲ್ಲ, ಬೀಗರನ್ನು ಆಡಿಕೊಳ್ಳುವ ಹಾಡಿಲ್ಲ. ಹಾಡಬೇಕಾದ ಹಾಡೆಲ್ಲ ಫಕೀರವ್ವನ ಗಂಟಲಲ್ಲೇ ಉಳಿದಿತ್ತು.

ಈಗ ಹೊನ್ನಿಗೆ ಏಳು ತಿಂಗಳು. ಚೊಚ್ಚಲ ಹೆರಿಗೆ ತವರಿನಲ್ಲೇ ಆಗಬೇಕು ಎಂಬುದು ಚಂದ್ರನಿಗೂ ತಪ್ಪದ ಕಟ್ಟಳೆ. ಆದರೆ ಮದುವೆಯಾಗಿ ಮೇಲೆ ಹೋದ ಹೊನ್ನಿ ಈಗ ಹೊರದೇಶದವಳು. ಹೊರದೇಶದವರಿಗೆ ಸಿಗುವ ಉಸಿರುಚೀಟಿ, ಅಂದರೆ ಇಲ್ಲಿನ ಗಾಳಿ ಸೇವಿಸುವ ಪರವಾನಗಿ, ವರ್ಷಕ್ಕೆ ಆರೇ ದಿನ. ಆರು ದಿನದಲ್ಲಿ ಬಾಣಂತನ ಮುಗಿಸಲು ಹೊನ್ನಿ ಕೋಳಿಯಲ್ಲ. ಒಕ್ಕೂಟವಾದರೆ ಚೀಟಿಯೇ ಬೇಡ. ಫಕೀರವ್ವನಿಗೆ ಆ ಮತದಾನ ಅಂದರೆ ಅಷ್ಟೆ: ಮಗಳು ತವರಿಗೆ ಬರುತ್ತಾಳೋ ಇಲ್ಲವೋ. ಆಕೆಯ ಬೇಡಿಕೆಯ ಮೇರೆಗೆ ಮಂಡಳಿಯವರು ಅವಳ ಕಿಟಕಿಯನ್ನು ಬೀಗತಿ ಪುಟ್ಟತಾಯಮ್ಮನ ಮನೆಗೇ ಜೋಡಿಸಿಕೊಟ್ಟರು.

ಕಿಟಕಿ ಬೆಳಗಿತು. ಮಗಳು ಕಂಡಳು. ಅಲ್ಲಿ ಹೊನ್ನಿ ನಿಜವಾಗಿ ಅಂದದ್ದು, “ಯವ್ವಾ! ಎಷ್ಟ ಸೊರಗೀಯ ಬೇ! ಹುಣಸಿ ತೊಕ್ಕು ತಿನ್ನಬೇಕನಸಾಕತ್ತೈತಿ” ಎಂದು. ಫಕೀರವ್ವನಿಗೆ ಕೇಳಿಸಿದ್ದು, “ಪೂಜ್ಯ ತಾಯಿಯವರೇ, ತಾವು ತೆಳ್ಳಗೆ ಕಾಣುತ್ತಿದ್ದೀರಿ. ನನಗೆ ಹುಣಸೆಯ ಖಾದ್ಯದ ಅಪೇಕ್ಷೆಯಿದೆ.”

ಫಕೀರವ್ವ ಹಿಂದೆ ತಿರುಗಿ ಪಕ್ಕದ ಮನೆಯ ದ್ಯಾಮವ್ವನನ್ನು ನೋಡಿದಳು. “ತಾವು ಅಂದ್ಲಲ್ಲ ಬೇ, ನನ್ನ?”

“ಮ್ಯಾಲಿನ ಮಂದಿ ಕಲಿಸ್ಯಾರ” ಅಂದಳು ದ್ಯಾಮವ್ವ. “ಇನ್ನ ಅಕಿ ನಿನ್ನ ಮಗಳಲ್ಲ, ವಾರ್ತಾ ಓದಾಕಿ.”

ಆದರೂ ಕುಬಸದ ಶಾಸ್ತ್ರ ಬಿಡಲಾದೀತೇ? ಬಸುರಿಗೆ ಹಸಿರು ಕುಬಸ ತೊಡಿಸಿ, ಹಸಿರು ಬಳೆ ಇಟ್ಟು, ಬೀಗರನ್ನು ಹಾಡಿನಲ್ಲಿ ಹಿಗ್ಗಾಮುಗ್ಗಾ ಆಡಿಕೊಳ್ಳುವ ದಿನ. ಬಯ್ಯಿಸಿಕೊಂಡ ಬೀಗತಿ ಅದಕ್ಕಿಂತ ಖಾರವಾಗಿ ತಿರುಗಿ ಬಯ್ಯಬೇಕು. ಆಗಲೇ ನಂಟು ಗಟ್ಟಿ. ಫಕೀರವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ಕಿಟಕಿಯೆದುರು ನಿಂತಳು:

“ಬಿಸಿಲ ನಾಡ ಬೀಗತಿ ಬಂದಾಳ ನೋಡ್ರಿ
ಕುಸಿದ ಮೂಗಿಗಿ ಮೂಗುತಿ ಮಣಭಾರ ನೋಡ್ರಿ
ಎರಡ ತಿಂಗಳಿಗೊಮ್ಮಿ ಮೀಯುವಾಕಿ
ಹರದಾರಿ ದೂರಿಂದ ನಾರುವಾಕಿ!”

ಆಚೆ ಪುಟ್ಟತಾಯಮ್ಮನೂ ಸೆರಗು ಸಿಕ್ಕಿಸಿಕೊಂಡೇ ಕಾಯುತ್ತಿದ್ದಳು. ಬೀಗರು ಏನು ಬಯ್ಯುತ್ತಾರೋ ಕೇಳಿ ಎಂದು ಹತ್ತು ಮನೆಯವರನ್ನು ಕರೆಸಿದ್ದಳು. ಅವಳಿಗೆ ಕೇಳಿಸಿದ್ದು ಇದು: “ಸೂರ್ಯಪ್ರಕಾಶದ ದೇಶದ ಸನ್ಮಾನ್ಯ ಬೀಗತಿಯವರಿಗೆ ಸ್ವಾಗತ. ತಮ್ಮ ಮೂಗುತಿ ತೂಕವುಳ್ಳದ್ದು. ನೀರಿನ ಮಿತಬಳಕೆಯಲ್ಲಿ ತಾವು ಮಾದರಿ. ತಮ್ಮ ಉಪಸ್ಥಿತಿ ದೂರದಿಂದಲೇ ಗಮನಕ್ಕೆ ಬರುತ್ತದೆ.”

ಹತ್ತು ಮನೆಯವರೂ ಒಬ್ಬರ ಮುಖ ಒಬ್ಬರು ನೋಡಿದರು. ಪುಟ್ಟತಾಯಮ್ಮ ಧೈರ್ಯಗೆಡಲಿಲ್ಲ. ತನ್ನ ಕಡೆಯಿಂದ ಕುಂದು ಬರಬಾರದೆಂದು ತಾನೇ ಎತ್ತಿಕೊಂಡಳು:

“ನೆರಳ ನಾಡ ಬೀಗುತಿ ಕತ್ಲಲ್ಲಿ ಉಂಡೋಳೆ
ಮುದ್ದೆ ಅಂತ ಸೋಪಿನ ಉಂಡೆಯ ನುಂಗ್ದೋಳೆ
ನೊರೆ ಉಗುಳ್ತ ನೂರ್ ಮಾತ ಆಡೋಳೆ
ಮಾತಲ್ಲೇ ಊರ್ ಮೈಯ ತೊಳೆಯೋಳೆ!”

ಫಕೀರವ್ವನ ಅಡುಗೆಮನೆಯಲ್ಲಿ ಅದು ಹೀಗೆ ಇಳಿಯಿತು: “ಹೃತ್ಪೂರ್ವಕ ಧನ್ಯವಾದಗಳು. ತಮ್ಮ ಆಹಾರಕ್ರಮ ವಿಶಿಷ್ಟವಾದದ್ದು. ತಮ್ಮ ಮಾತು ಶುಚಿಯಾದದ್ದು.”

“ಧನ್ಯವಾದ ಅಂದ್ಲಾ?” ಫಕೀರವ್ವನ ಮುಖ ಕೆಂಪಾಯಿತು. “ನಾ ಹಾಡ ಹಾಡಿದ್ರ ಧನ್ಯವಾದ ಅಂತಾಳ! ನಾನೇನು ಆಸ್ಪತ್ರಿ ನರ್ಸಮ್ಮ ಏನ? ತನ್ನ ಬೈಗುಳಕ್ಕೂ ನಾವು ಲಾಯಕ್ಕಿಲ್ಲಂತ ತಿಳಕೊಂಡಾಳ!”

ಆಚೆ ಪುಟ್ಟತಾಯಮ್ಮನೂ ಅದನ್ನೇ ಹೇಳುತ್ತಿದ್ದಳು. “ನೋಡಿ, ಎಂಥಾ ಸೆಡವು! ಒಂದ್ ಬೈಗುಳಕ್ಕೂ ಗತಿಯಿಲ್ದೋರು ಅಂದ್ಕಂಡವ್ಳೆ ನಮ್ಮನ್ನ. ಒಕ್ಕೂಟ ಆದ್ರೂ ಅಷ್ಟೆಯ, ಬುಟ್ರೂ ಅಷ್ಟೆಯ, ಇಂಥೋರ ಮನೆಗೆ ನಮ್ ಹುಡ್ಗೀನ ಹೆರಿಗೆಗೆ ಕಳ್ಸಾಕಿಲ್ಲ ಕಣಮ್ಮಿ!”

ನಯಗಾರ ಇದನ್ನೂ ತೊಳೆದು ಕಳಿಸಿತು: “ತಮಗೆ ತೊಂದರೆ ಕೊಡಲು ನಾವು ಇಚ್ಛಿಸುವುದಿಲ್ಲ. ಹೆರಿಗೆ ಇಲ್ಲಿಯೇ ಆಗಲಿ.”

ಫಕೀರವ್ವ ಗಾಜಿನ ಮೇಲೆ ಕಂಬಳಿ ಎಸೆದಳು. ಮಗಳಿಗೆಂದು ತಂದ ಹಸಿರು ಬಳೆ ಕೈಯಲ್ಲೇ ಉಳಿಯಿತು.

ಪ್ರಚಾರ ಮಂಡಳಿಯ ಕೋಣೆಯ ಗೋಡೆಯಲ್ಲಿ ಗಡಿಯಾರದ್ದರಂಥ ಒಂದು ದೊಡ್ಡ ಮುಳ್ಳು ಇತ್ತು. ದಿನವೂ ಸಾವಿರ ಮನೆಗಳನ್ನು ವಿಚಾರಿಸಿ ಒಕ್ಕೂಟದ ಪರ ನೂರಕ್ಕೆ ಎಷ್ಟು ಜನ ಎಂದು ಅದು ತೋರಿಸುತ್ತಿತ್ತು. ಕಿಟಕಿ ಬರುವ ಮುನ್ನ ಐವತ್ತೆಂಟು. ಈಗ ನಲವತ್ತೊಂದು. ಮತದಾನಕ್ಕೆ ಉಳಿದದ್ದು ಹನ್ನೆರಡು ದಿನ.

“ಅರ್ಥವಾಗುತ್ತಿಲ್ಲ” ಅಂದರು ಡಾಕ್ಟರ್ ಪ್ರಭಂಜನ. “ಕಿಟಕಿಗಳಲ್ಲಿ ಒಂದೇ ಒಂದು ಕೆಟ್ಟ ಮಾತಿಲ್ಲ. ಸೌಜನ್ಯ ನೂರಕ್ಕೆ ತೊಂಬತ್ತೆಂಟು! ನಯ ಇನ್ನೂ ಸ್ವಲ್ಪ ಹೆಚ್ಚಿಸೋಣವೇ?”

ಹೆಚ್ಚಿಸಿದರು. ಮರುದಿನ ಮುಳ್ಳು ಮೂವತ್ತೇಳಕ್ಕೆ ಇಳಿಯಿತು. ನಯ ಏರಿದಷ್ಟೂ ನಂಟು ನುಣುಚಿತು.

ಕಿಟಕಿಗಳ ರಿಪೇರಿ ನೋಡುತ್ತಿದ್ದ ಇಂಜಿನಿಯರ್ ತಬಸ್ಸುಮ್ ನದಾಫ್ ನೆರಳನಾಡಿನವಳು. ಫಕೀರವ್ವನ ಹಿಂದಿನ ಓಣಿಯಲ್ಲೇ ಬೆಳೆದವಳು. ಫಕೀರವ್ವ ಕಿಟಕಿಗೆ ಕಂಬಳಿ ಹೊದಿಸಿದಳೆಂದು ದೂರು ಬಂದಾಗ, ಯಂತ್ರ ಕೆಟ್ಟಿರಬೇಕೆಂದು ಆ ಜೋಡಿಯ ಎರಡೂ ಮನೆಗಳ ಧ್ವನಿಮುದ್ರಿಕೆ ತೆಗೆದು ಕೇಳಿದಳು. ಮೊದಲು ನಯಗಾರ ಆಚೆಗೆ ಕಳಿಸಿದ್ದು. ಆಮೇಲೆ ನಿಜವಾಗಿ ಹಾಡಿದ್ದು. ಸೋಪಿನ ಉಂಡೆಯ ಸಾಲಿಗೆ ಬಂದಾಗ ಕುರ್ಚಿಯಿಂದ ಜಾರುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಗಾಬರಿಯಾದಳು. ಕಿಟಕಿ ಬಂದ ಮೂರು ಸಾವಿರ ಮನೆಗಳಲ್ಲೂ ಇದೇ ಆಗಿದೆ.

“ಸರ್, ಯಂತ್ರ ಛಲೋ ಐತ್ರಿ. ಅದಕ್ಕ ಮಂದಿ ಕೆಟ್ಟಾರ” ಅಂದಳು ಡಾಕ್ಟರರಿಗೆ.

“ಏನು ಹಾಗೆಂದರೆ?”

“ನಮ್ಮ ಕಡೆ ‘ತಾವು, ತಮ್ಮ’ ಅಂತ ಯಾರಿಗೆ ಅಂತೀವ್ರಿ? ಗುರ್ತಿಲ್ಲದವರಿಗೆ. ಪೊಲೀಸರಿಗೆ. ಬಾಗಿಲದಾಗ ನಿಲ್ಲಿಸಿ ಕಳಿಸೋರಿಗೆ. ನಿಮ್ಮ ನಯಗಾರ ಮೂರ ಸಾವಿರ ಮನಿಯವರನ್ನ ಬಾಗಿಲದಾಗ ನಿಲ್ಲಿಸೇತ್ರಿ. ಬೀಗರು ಬೈದ್ರ ತಿರುಗಿ ಬೈಬೇಕ್ರಿ ಸರ್. ಬೈದವರಿಗೆ ಥ್ಯಾಂಕ್ಸ್ ಅಂದ್ರ ಕಪಾಳಕ್ಕ ಹೊಡದಂಗ.”

“ಹಾಗೆ ಎಲ್ಲಿ ಬರೆದಿದೆ?”

“ನಿಮ್ಮ ಮದುವ್ಯಾಗ ಬೀಗರ ಹಾಡು ಹಾಡಿರ್ಲಿಲ್ಲೇನ್ರಿ?”

“ನಮ್ಮದು ಸರಳ ವಿವಾಹ” ಅಂದರು ಡಾಕ್ಟರು, ಸ್ವಲ್ಪ ನಾಚಿ. “ಚಹಾ ಕೊಟ್ಟಿದ್ದರು.”

“ಹಂಗಾರ ನಯಗಾರನ್ನ ತಗೀರಿ ಸರ್. ಪೂರ್ತಿ.”

ಡಾಕ್ಟರು ಮುಳ್ಳಿನ ಕಡೆ ತಿರುಗಿದರು. ನಯಗಾರ ಅವರ ಆರು ವರ್ಷದ ದುಡಿಮೆ. ತೆಗೆದರೆ ಜಗಳ ಹತ್ತಿ ಒಕ್ಕೂಟವೇ ಸುಟ್ಟುಹೋದೀತು. ಇಟ್ಟರೆ ಸದ್ದಿಲ್ಲದೆ ಹೆಪ್ಪುಗಟ್ಟಿ ಸತ್ತೀತು. “ಒಂದು ಕಿಟಕಿ. ಹತ್ತು ನಿಮಿಷ. ಕೈ ಸ್ವಿಚ್ಚಿನ ಮೇಲೇ ಇರುತ್ತೆ” ಅಂದರು.

ತಬಸ್ಸುಮ್ ತಾನೇ ಹೋಗಿ ಕಂಬಳಿ ತೆಗೆಸಿದಳು. “ಫಕೀರವ್ವಾರ, ಒಂದ ಸಲ ಮಾತಾಡ್ರಿ. ಈ ಸಲ ಆ ಬಾಯಿ ಮಾತು ಈ ಕಿವಿಗೇ ಬರ್ತೈತಿ” ಎಂದು ಹೇಳಿ, ಕಿವಿಯಲ್ಲಿ ಡಾಕ್ಟರರ ದನಿ ಇಟ್ಟುಕೊಂಡು ಒಲೆಯ ಪಕ್ಕ ಕೂತಳು.

ಆಚೆ ಪುಟ್ಟತಾಯಮ್ಮ ಬೆನ್ನು ತಿರುಗಿಸಿ ಪಾತ್ರೆ ಒರೆಸುತ್ತಿದ್ದಳು. ಕಿಟಕಿ ಬೆಳಗಿದ್ದು ನೋಡಿ, ತನ್ನಷ್ಟಕ್ಕೆ ಎಂಬಂತೆ ಅಂದಳು: “ಬಂದ್ಲಪ್ಪ ಮಾರಾಣಿ. ಇನ್ನು ‘ತಮ್ಮ ಪಾತ್ರೆ ಪಳಪಳ’ ಅಂತಾಳೆ.”

ಫಕೀರವ್ವ ಎದ್ದು ನಿಂತಳು. “ಏನಂದಿ?”

ಪುಟ್ಟತಾಯಮ್ಮ ಗರಕ್ಕನೆ ತಿರುಗಿದಳು. “ಏನಂದೆ?”

“ನೀ ಏನಂದಿ ಅಂತ ಕೇಳಿದೆ. ಪಾತ್ರಿ ಪಳಪಳ ಅಂತ! ನೀರಿಲ್ಲದ ಊರಾಗ ಪಾತ್ರಿ ಯಾಕ ಪಳಪಳ ಅಂತೈತಿ? ನೆಕ್ಕತೀರೇನು?”

ಒಂದು ಕ್ಷಣ ಎರಡು ದೇಶಗಳಲ್ಲೂ ಉಸಿರು ನಿಂತಿತು. ಚೀಟಿ ಇದ್ದವರದೂ. ಆಮೇಲೆ ಪುಟ್ಟತಾಯಮ್ಮನ ಮುಖ ಅರಳಿತು. ಬಾಗಿಲ ಕಡೆ ತಿರುಗಿ ಕೂಗಿದಳು: “ಬನ್ರೇ! ಬೀಗ್ತಿಗೆ ಬಾಯಿ ಬಂತು!”

“ನನ್ನ ಬಾಯಿ ಎಲ್ಲಿ ಹೋಗಿತ್ತು? ಹಾಡಿದ್ನಲ್ಲ, ನಿನ್ನ ಮೂಗ ಕುಸದೈತಿ ಅಂತ!”

“ತೂಕವುಳ್ಳ ಮೂಗುತಿ ಅಂದ್ಯಲ್ಲಮ್ಮಿ!”

“ಅಂಥಾ ಮಾತು ನನ್ನ ಬಾಯಾಗ ಹುಟ್ಟೂದಿಲ್ಲ! ಮತ್ತ ನೀ ಯಾಕ ಧನ್ಯವಾದ ಅಂದಿ?”

“ನಾನಾ? ನೀನು ಸೋಪು ನುಂಗ್ದೋಳು ಅಂದೆ ಕಣೇ!”

ಇಬ್ಬರೂ ಒಟ್ಟಿಗೆ ಗಾಜನ್ನು ನೋಡಿದರು. ಅಪರಾಧಿ ಗಾಜಿನೊಳಗಿದ್ದಾನೆಂದು ಹೊಳೆಯಲು ಅವರಿಗೆ ಪಿಎಚ್‌ಡಿ ಬೇಕಾಗಲಿಲ್ಲ. ಹೊನ್ನಿ ಅತ್ತೆಯ ಹಿಂದಿನಿಂದ ಹೊಟ್ಟೆ ಹಿಡಿದುಕೊಂಡು ಓಡಿಬಂದಳು. “ಯವ್ವಾ!”

“ಯವ್ವಾ ಅಂದ್ಲು” ಅಂದಳು ಫಕೀರವ್ವ, ತಬಸ್ಸುಮ್‌ಗೆ. ಕಣ್ಣು ಒರೆಸಿಕೊಳ್ಳಲು ಪುರುಸೊತ್ತಾಗಲಿಲ್ಲ, ಬೀಗತಿ ಶುರುಮಾಡಿದ್ದಳು.

“ಅಳ್ಬ್ಯಾಡ, ಕಳ್ಸಾಕಿಲ್ಲ ಅಂದ್ರೆ ಕಳ್ಸಾಕಿಲ್ಲ! ನಿಮ್ ಕತ್ಲೆ ಗವಿಲಿ ಕೂಸು ಹುಟ್ಟಿದ್ರೆ ಅವ್ವ ಯಾರು, ಅಜ್ಜಿ ಯಾರು ಅಂತ ಕಂಡಾದು ಹೆಂಗೆ? ಅಲ್ಲಿ ಮೂಳೆ ಕೊರೆಯೋ ಚಳಿ. ಬಾಣಂತಿಗೆ ಕಾವು ಬ್ಯಾಡ್ವಾ?”

“ಅಲ್ಲೇ ಹೆರಲಿ ಹಂಗಾರ! ಬಾಣಂತಿಗಿ ದಿನಾ ಎರಡ ಹಂಡೆ ಬಿಸಿನೀರ ಎರೀಬೇಕು. ನಿಮ್ಮೂರಾಗ ಎಲ್ಲೈತಿ ನೀರು? ಒದ್ದಿ ಬಟ್ಟೀಲೆ ಒರಸಿ ಕೂಡಸ್ತಿಯೇನು ನನ್ನ ಮಗಳನ್ನ?”

“ನಿಮ್ಮೂರಲ್ ನೀರೈತೆ, ಕಾಯ್ಸಾಕೆ ಏನೈತೆ? ಮಂಜುಗಡ್ಡೆ ತಲೆ ಮ್ಯಾಲೆ ಇಡ್ತೀಯಾ?”

“ನಿಮ್ಮೂರಾಗ ಕಾವೈತಿ, ಬರೇ ಹಂಡೆ ಕಾಸ್ತಿಯೇನು?”

“ಸ್ವಿಚ್ ಒತ್ತುತ್ತೇನೆ” ಅಂತ ಡಾಕ್ಟರರ ದನಿ ಕಿವಿಯಲ್ಲಿ ನಡುಗಿತು. “ಒತ್ತಬ್ಯಾಡ್ರಿ ಸರ್” ಅಂದಳು ತಬಸ್ಸುಮ್, ಪಿಸುದನಿಯಲ್ಲಿ. “ಹತ್ರ ಬಂದಾರ.”

ನಿಜಕ್ಕೂ ಹತ್ತಿರ ಬಂದಿದ್ದರು. ಇಬ್ಬರ ಮೂಗೂ ಗಾಜಿಗೆ ತಾಗುವಷ್ಟು.

ಪುಟ್ಟತಾಯಮ್ಮ ಮೊದಲು ದನಿ ಇಳಿಸಿದಳು. “ಹಂಗಾರೆ ನೀರು ನಿಮ್ದು.”

“ಕಾವು ನಿಮ್ದು” ಅಂದಳು ಫಕೀರವ್ವ.

“ಎರಡೂ ಸೇರ್‍ದೆ ಹೋದ್ರೆ ಹುಡ್ಗಿಗೆ ಎಲ್ಲೂ ಸ್ನಾನಿಲ್ಲ.”

“ಇಲ್ಲ.”

“ಮತ್ತೆ ಆ ಮೇಷ್ಟ್ರು ಮೂರ್ ತಿಂಗ್ಳಿಂದ ನಕ್ಷೆ ತೋರಿಸ್ಕಂಡು ಇದ್ನೇ ಹೇಳ್ತಿದ್ನಾ?”

“ಅವನೂ ಇದನ್ನ ಹೇಳ್ತಿದ್ನೋ ಏನೋ. ತಿಳಿಯೋವಂಗ ಯಾರ ಹೇಳಿದ್ರವಾ?”

ಕೋಣೆಯಲ್ಲಿ ಡಾಕ್ಟರ್ ಪ್ರಭಂಜನ ಸ್ವಿಚ್ಚಿನ ಮೇಲಿಂದ ಕೈ ತೆಗೆದರು. ಹದಿನೆಂಟು ವರ್ಷದ ಭಾಷಣಗಳು ಒಂದು ಹಂಡೆಯಲ್ಲಿ ಹಿಡಿಸಿಬಿಟ್ಟಿದ್ದವು. ಕೆಲವರಿಗೆ ಅಂಥ ಹೊತ್ತಿನಲ್ಲಿ ಸಿಟ್ಟು ಬರುತ್ತದೆ. ಅವರಿಗೆ ನಗು ಬಂತು. ಮರುದಿನ ಎರಡೂ ದೇಶಗಳ ಎಲ್ಲ ಕಿಟಕಿಗಳಲ್ಲಿ ಕಾಣಿಸಿಕೊಂಡು, ನಯಗಾರನ ವಿಷಯ ಒಂದೂ ಬಿಡದೆ ಹೇಳಿ, ತಪ್ಪು ತನ್ನದೆಂದು ಒಪ್ಪಿಕೊಂಡು, ಅದನ್ನು ಎಲ್ಲರೆದುರೇ ನಿಲ್ಲಿಸಿದರು. ಆರು ವರ್ಷದ ಕೆಲಸವನ್ನು ಆರು ಸೆಕೆಂಡಿನಲ್ಲಿ ಆರಿಸಿದ ಅಂಥ ಅಧಿಕಾರಿ ಭೂಮಿಯಲ್ಲಿ ಸಿಗುವುದು ಕಷ್ಟ.

ಮುಂದಿನ ಮೂರು ದಿನ ಎರಡು ದೇಶಗಳೂ ಬಾಯಿತುಂಬ ಬಯ್ದುಕೊಂಡವು. ಆ ಬೈಗುಳದ ನಡುವೆ, ನಕ್ಷೆಗಳೆದುರು ಯಾರೂ ಬಿಚ್ಚದಿದ್ದ ಅಂಜಿಕೆಗಳೆಲ್ಲ ಹೊರಬಿದ್ದವು.

“ನಾಳೆ ನಮ್ ಕರೆಂಟೆಲ್ಲ ನೀವೇ ಎಳ್ಕಂಡ್ರೆ?” ಎಂದು ಮೇಲಿನವನೊಬ್ಬ ಕೇಳಿದ.

“ಎಳದ್ರ ನೀ ಕೇಬಲ್ ಕಿತ್ತೀ. ನೀ ಕಿತ್ರ ನಾ ನೀರು ನಿಲ್ಲಸ್ತೀನಿ” ಎಂದ ಕೆಳಗಿನವನು.

“ಅಲ್ಲಿಗೆ ನಾನೂ ಸಾಯ್ತೀನಿ, ನೀನೂ ಸಾಯ್ತೀಯ.”

“ಹೂಂ ಮತ್ತ.”

“ಹಂಗಾದ್ರೆ ಇಬ್ರೂ ನೆಟ್ಟಗಿರ್ಬೇಕಾಯ್ತದೆ ಬುಡು.”

ಒಕ್ಕೂಟದ ಸಂವಿಧಾನಕ್ಕೆ ಆಮೇಲೆ ಮುನ್ನೂರು ಪುಟವಾಯಿತು. ತಿರುಳು ಇಷ್ಟೇ.

“ನೀರು ನಿಮ್ದು, ಕಾವು ನಮ್ದು” ಎಂಬ ಮಾತು ಮೇಲಿನ ಗೋಡೆಗಳ ಮೇಲೆ ಯಾರೋ ಬರೆದರು. ಕೆಳಗಿನವರು ಅದನ್ನೇ ತಿರುಗಿಸಿ ಬರೆದುಕೊಂಡರು. ಮುಳ್ಳು ದಿನಕ್ಕೆ ಮೂರು ನಾಲ್ಕು ಮನೆ ಮೇಲೇರಿತು. ಮತದಾನದ ದಿನ ನೆರಳನಾಡಿನಲ್ಲಿ ನೂರಕ್ಕೆ ಅರವತ್ತೊಂಬತ್ತು, ಬಿಸಿಲನಾಡಿನಲ್ಲಿ ಅರವತ್ತೆರಡು. ಹತ್ತಡಿ ಜಾಗದಲ್ಲಿ ಪೈಪೂ ಕೇಬಲ್ಲೂ ಕೂಡಿಸಲು ಬೇಕಾದದ್ದು ಒಂದೂವರೆ ಗಂಟೆ. ಕೆಲಸ ಮಾಡಿದವನು ಮಾದೇಶ. ಎಂಟು ತಿಂಗಳ ಬಸುರಿ ಹೊನ್ನಿ ಸ್ಟೂಲು ಹಾಕಿಕೊಂಡು ಕೂತು, “ಏ, ಇನ್ನೊಂದು ಸುತ್ತು ಬಿಗಿ, ಸೋರ್ತೈತಿ” ಎಂದು ಗಂಡನಿಗೆ ಹೇಳಿಕೊಟ್ಟಳು. ಅದೇ ದಿನ ಚೀಟಿಯಿಲ್ಲದೆ ಗಡಿಬಾಗಿಲು ದಾಟಿ ತವರಿನ ಓಣಿಗೆ ಬಂದಳು. ಹಿಂದೆಯೇ ಮೂರು ಗಂಟು ಹೊತ್ತು ಪುಟ್ಟತಾಯಮ್ಮನೂ ಬಂದಳು. ಯಾರೂ ಕರೆದಿರಲಿಲ್ಲ. ಒಕ್ಕೂಟವೆಂದರೆ ಅದೂ ಸೇರಿದ್ದೇ.

ಹೆಣ್ಣುಕೂಸು ಹುಟ್ಟಿತು. ಐದನೇ ದಿನ ಮೊದಲ ನೀರು. ಫಕೀರವ್ವನ ಬಚ್ಚಲಲ್ಲಿ ಕೆಳಗಿನ ಮಂಜುಗಡ್ಡೆಯ ನೀರು ಮೇಲಿನ ಬಿಸಿಲಿನ ಕಾವಿಗೆ ಬುಸುಗುಟ್ಟುತ್ತಿತ್ತು. ಚಂದ್ರನ ಮೇಲೆ ನೀರಿಗೆ ಅವಸರವಿಲ್ಲ. ಚೊಂಬಿನಿಂದ ಜಾರಿದ ಬಿಸಿನೀರು ಯೋಚಿಸುತ್ತಾ ಯೋಚಿಸುತ್ತಾ ಬೆನ್ನಿನ ಮೇಲೆ ಇಳಿಯುತ್ತದೆ. ಬರುತ್ತಿದೆ, ಬರುತ್ತಿದೆ ಎಂದು ಹೊನ್ನಿ ಕಣ್ಣು ಮುಚ್ಚಿ ಕಾಯಬೇಕು.

“ಕಾವು ಸಾಲ್ದು ಕಣೇ, ಇನ್ನೂ ವಸಿ ಕಾಯ್ಲಿ!” ಎಂದಳು ಪುಟ್ಟತಾಯಮ್ಮ.

“ಬೇಯಿಸಿ ತಿಂತಿಯೇನ ಬೇ ನನ್ನ ಮಗಳನ್ನ? ತಣ್ಣೀರ ಬೆರಸು!”

“ನಮ್ ಕಾವು, ನಾ ಹೇಳ್ದಂಗೆ!”

“ನಮ್ಮ ನೀರು, ನಾ ಹೇಳ್ದಂ‌ಗ!”

“ಇಬ್ಬರೂ ಹೊರಗ ನಡೀರಿ!” ಎಂದು ಹೊನ್ನಿ ಚೀರಿದಳು. “ನನ್ನ ಮೈಗಿ ನಾನ ಎರಕೋತೀನಿ!”

ಒಕ್ಕೂಟ ಹುಟ್ಟಿ ಒಂದು ತಿಂಗಳೊಳಗೆ, ಸ್ವಾಯತ್ತ ಆಡಳಿತದ ಮೊದಲ ಬೇಡಿಕೆ ಹೀಗೆ ಬಚ್ಚಲುಮನೆಯಿಂದ ಎದ್ದಿತು. ಅಲ್ಲಿಯವರೆಗೆ ಯಾವುದಕ್ಕೂ ಒಪ್ಪದಿದ್ದ ಇಬ್ಬರು ಬೀಗತಿಯರೂ ಅದನ್ನು ಸರ್ವಾನುಮತದಿಂದ ತಳ್ಳಿಹಾಕಿ, ಮುಂದಿನ ಚೊಂಬು ಎತ್ತಿದರು.